ಭಾನುವಾರದ ಹತ್ತು ನಿಮಿಷ

"ಯೇಸಪ್ಪ ಜೊತೆಗಿರುವಾಗ ಒಂಟಿತನ ಯಾಕಮ್ಮ?"

ನಮ್ಮ ಸಭೆಗಳಲ್ಲಿ ಹೆಂಗಸರ ಬಾಯಿ ಮುಚ್ಚಿಸಲು ಇದಕ್ಕಿಂತ ಸುಲಭದ ಉಪಾಯ ಇನ್ನೊಂದಿಲ್ಲ. ಹೇಳುವವರ ಮನಸ್ಸು ಕೆಟ್ಟದ್ದೇನಲ್ಲ. ಗಂಡ ಕುವೈತಿನಲ್ಲಿರುವ ಹೆಂಗಸೋ, ನಲವತ್ತು ದಾಟಿದರೂ ಮದುವೆಯಾಗದ ಟೀಚರೋ, ಮಕ್ಕಳಿಬ್ಬರೂ ಟೊರಾಂಟೊದಲ್ಲಿ ನೆಲೆಸಿದ ವಿಧವೆಯೋ ಅಪರೂಪಕ್ಕೊಮ್ಮೆ ಧೈರ್ಯ ಮಾಡಿ "ಮಾತಾಡಲಿಕ್ಕೆ ಜನ ಇಲ್ಲ, ಮನೆಯಲ್ಲಿ ಕೂತು ಕೂತು ಬೇಜಾರು" ಅಂದರೆ ಈ ಉತ್ತರ ಸಿದ್ಧವಾಗಿರುತ್ತದೆ. ಅದರ ಹಿಂದೆಯೇ ಕೀರ್ತನೆಗಳ ಪುಸ್ತಕದ ಯಾವುದೋ ಅಧ್ಯಾಯದ ಸಂಖ್ಯೆ. ಆಕೆ ತಲೆಯಾಡಿಸಿ ಮನೆಗೆ ಹೋಗುತ್ತಾಳೆ. ಬರುವಾಗ ಇದ್ದದ್ದು ಒಂಟಿತನ ಒಂದೇ. ಹೋಗುವಾಗ, ತನ್ನ ನಂಬಿಕೆಯೇ ಗಟ್ಟಿಯಿಲ್ಲವೇನೋ ಎಂಬ ಅಳುಕೂ ಜೊತೆಗೆ ಹೊರಡುತ್ತದೆ.

ಹೀಗೆ ಹೇಳುವವರು ಗೆತ್ಸೇಮನೆಯ ಕಥೆಯನ್ನು ಪ್ರತಿವರ್ಷ ಕೇಳಿದವರೇ. ಶಿಲುಬೆಯ ಹಿಂದಿನ ರಾತ್ರಿ ಯೇಸುಸ್ವಾಮಿ ತೋಟಕ್ಕೆ ಒಬ್ಬರೇ ಹೋಗಲಿಲ್ಲ. ಪೇತ್ರ, ಯಾಕೋಬ, ಯೋಹಾನರನ್ನು ಕರೆದುಕೊಂಡು ಹೋದರು. ನನ್ನ ಜೀವಕ್ಕೆ ಸಂಕಟವಾಗುತ್ತಿದೆ, ನೀವಿಲ್ಲೇ ಎಚ್ಚರವಾಗಿರಿ ಎಂದು ಅವರನ್ನು ಬೇಡಿಕೊಂಡರು. ಮೂವರೂ ನಿದ್ದೆ ಹೋದರು. ತಂದೆ ತನ್ನ ಪ್ರಾರ್ಥನೆ ಕೇಳುತ್ತಾನೆಂದು ಪೂರ್ತಿ ನಂಬಿದ್ದವರಿಗೇ ಆ ರಾತ್ರಿ ಪಕ್ಕದಲ್ಲಿ ಮನುಷ್ಯರು ಬೇಕಾಗಿದ್ದರು. ಅದನ್ನು ನಂಬಿಕೆಯ ಕೊರತೆ ಎಂದು ಯಾವ ಬೋಧಕರೂ ಬೋಧಿಸಿದ್ದನ್ನು ನಾನು ಕೇಳಿಲ್ಲ. ಮೂರನೇ ಬೆಂಚಿನ ಗ್ರೇಸಕ್ಕನಿಗೋ ಲೀನಾ ಬಾಯಿಗೋ ಅದೇ ಬೇಕೆನಿಸಿದರೆ ಮಾತ್ರ ಉಪದೇಶ ಶುರುವಾಗುತ್ತದೆ.

ಇದೇನು ಕ್ರೈಸ್ತರ ಖಾಸಗಿ ಕಾಯಿಲೆಯಲ್ಲ. ಜಗತ್ತಿನಲ್ಲಿ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ ಸುಮಾರು 8.71 ಲಕ್ಷ ಸಾವುಗಳಿಗೆ ಅದರ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ವರದಿ ಕೊಟ್ಟಿತು. ಅದಕ್ಕೆ ಎರಡು ವರ್ಷ ಮೊದಲೇ ಅಮೆರಿಕದಲ್ಲಿ ಈ ಗಂಟೆ ಬಾರಿಸಿದವರು ಆಗ ಅಲ್ಲಿನ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ. ಅವರ ಕುಟುಂಬದ ಬೇರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯಲ್ಲಿದೆ. ಜನರ ಒಡನಾಟವಿಲ್ಲದ ಬದುಕು ಆಯುಷ್ಯಕ್ಕೆ ಮಾಡುವ ಹಾನಿಯನ್ನು ಅವರ ವರದಿ ದಿನಕ್ಕೆ ಹದಿನೈದು ಸಿಗರೇಟಿನ ಹಾನಿಯ ಪಕ್ಕದಲ್ಲಿಟ್ಟು ತೋರಿಸಿತು. ಸಿಗರೇಟು ಸೇದುವ ಹೆಂಗಸು ಸಿಕ್ಕರೆ ನಮ್ಮ ಸಭೆಯಲ್ಲಿ ಎಷ್ಟು ಗದ್ದಲವಾದೀತು ಎಂದು ಯೋಚಿಸಿ ನೋಡಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇವೆರಡೂ ಅಲ್ಲ, 2018ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಪ್ರಕಟಿಸಿದ ಒಂದು ಅಧ್ಯಯನ. ಮುಖಪರಿಚಯದವರು ಸಾಧಾರಣ ಸ್ನೇಹಿತರಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಸ್ನೇಹಿತರು ಎನಿಸಿಕೊಳ್ಳಲು 90, ಆಪ್ತರಾಗಲು 200ಕ್ಕೂ ಹೆಚ್ಚು ಎಂಬುದು ಅವರ ಲೆಕ್ಕ. ಗಂಟೆ ಎಣಿಸಿ ಸ್ನೇಹ ಅಳೆಯುವುದೇ ಎಂದು ಮೂಗು ಮುರಿಯಬಹುದು, ನಾನೂ ಮುರಿದೆ. ಆಮೇಲೆ ಕುತೂಹಲಕ್ಕೆ ಗುಣಿಸಿ ನೋಡಿದೆ. ಆರಾಧನೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಬಳಿ ನಾವು ಒಬ್ಬರಿಗೊಬ್ಬರು ಕೊಡುವುದು ಹೆಚ್ಚೆಂದರೆ ಹತ್ತು ನಿಮಿಷ. ಅದೂ ಒಂದು ಕಣ್ಣು ಸಂಡೇ ಸ್ಕೂಲಿನಿಂದ ಹೊರಬರುವ ಮಕ್ಕಳ ಮೇಲೆ, ಇನ್ನೊಂದು ಸ್ಕೂಟರ್ ಸ್ಟಾರ್ಟ್ ಮಾಡಿ ನಿಂತ ಯಜಮಾನರ ಮೇಲೆ. ವಾರಕ್ಕೆ ಹತ್ತು ನಿಮಿಷದಂತೆ 200 ಗಂಟೆ ತುಂಬಲು 1,200 ಭಾನುವಾರ ಬೇಕು. ಇಪ್ಪತ್ತಮೂರು ವರ್ಷ! ಮದುವೆಯಾಗಿ ಬಂದ ವಧು ತನ್ನ ಮಗಳ ಮದುವೆಯ ಹೊತ್ತಿಗೆ ಸಭೆಯಲ್ಲಿ ಒಬ್ಬ ಗೆಳತಿಯನ್ನು ಸಂಪಾದಿಸಿರುತ್ತಾಳೆ.

ಆ ಹತ್ತು ನಿಮಿಷವಾದರೂ ಹೇಗೆ ಕಳೆಯುತ್ತದೆ? "ವಂದನೆ ಅಕ್ಕ, ಹೇಗಿದ್ದೀರಿ?" "ದೇವರ ಕೃಪೆಯಿಂದ ಚೆನ್ನಾಗಿದ್ದೇವೆ." ಮುಗಿಯಿತು. ಈ ಉತ್ತರದಾಚೆ ಒಂದು ಹೆಜ್ಜೆ ಇಡಲು ದಾರಿಯಿಲ್ಲ. ಕೃಪೆಯ ಹೆಸರು ಹೇಳಿದ ಮೇಲೆ ಸೊಸೆಯ ಜೊತೆ ಜಗಳವಾಗಿದೆ, ರಾತ್ರಿ ನಿದ್ದೆ ಬರುತ್ತಿಲ್ಲ, ಸಾಲದವರು ಬಾಗಿಲಿಗೆ ಬರುತ್ತಿದ್ದಾರೆ ಎಂದು ಹೇಳುವುದು ಹೇಗೆ? ಹೇಳಿದರೆ ಇನ್ನೊಂದು ಭಯ. ನಮ್ಮಲ್ಲಿ ಸುದ್ದಿ ಊರೆಲ್ಲ ಹಬ್ಬುವುದು ಪ್ರಾರ್ಥನಾ ವಿಜ್ಞಾಪನೆಯ ವೇಷದಲ್ಲಿ. "ಇಂಥವರ ಮನೆಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಿ, ಯಾಕೆ ಅಂತ ಕೇಳಬೇಡಿ" ಎಂದು ಶುರುವಾಗಿ, ಯಾಕೆ ಎಂಬುದು ಕೇಳದೆಯೇ ಬಂದುಬಿಡುತ್ತದೆ. ಒಮ್ಮೆ ಸುಟ್ಟುಕೊಂಡವಳು ಮತ್ತೆ "ಚೆನ್ನಾಗಿದ್ದೇವೆ" ಬಿಟ್ಟು ಬೇರೆ ಮಾತಾಡುವುದಿಲ್ಲ.

ಕಾರ್ಯಕ್ರಮಗಳಿಗೇನೂ ಬರವಿಲ್ಲ. ಸಿಎಸ್‌ಐ ಸಭೆಗಳಲ್ಲಿ ವಿಮೆನ್ಸ್ ಫೆಲೋಶಿಪ್ ಇದೆ, ಮೆಥಡಿಸ್ಟರಲ್ಲಿ ಡಬ್ಲ್ಯುಎಸ್‌ಸಿಎಸ್ ಇದೆ, ಕೆಥೋಲಿಕರ ಇಗರ್ಜಿಗಳಲ್ಲಿ ಸ್ತ್ರೀ ಸಂಘಟನೆ ಇದೆ, ವಾಳೆಗೊಬ್ಬ, ಅಂದರೆ ವಾರ್ಡಿಗೊಬ್ಬ, ಗುರಿಕಾರ ಇದ್ದಾನೆ. ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. ಪ್ರತಿವರ್ಷ ಒಂದೊಂದು ದೇಶದ ಹೆಂಗಸರು ಅದರ ಆರಾಧನಾ ಕ್ರಮ ಬರೆದು ಕಳಿಸುತ್ತಾರೆ, ಲೋಕವೆಲ್ಲ ಅದನ್ನೇ ಓದಿ ಪ್ರಾರ್ಥಿಸುತ್ತದೆ. ಬಹಳ ಒಳ್ಳೆಯ ಪದ್ಧತಿ. 2025ರಲ್ಲಿ ಕುಕ್ ದ್ವೀಪಗಳ ಹೆಂಗಸರ ಸರದಿ. ಶಾಂತ ಸಾಗರದ ನಡುವೆ ಇರುವ ಆ ಅಕ್ಕತಂಗಿಯರ ಕಷ್ಟಸುಖ ನಮಗೆ ತಿಳಿಯಿತು. ಹಿಂದಿನ ಬೆಂಚಿನವಳು ಆ ದಿನ ಯಾಕೆ ಅಳುತ್ತಿದ್ದಳು ಎಂಬುದು ತಿಳಿಯಲಿಲ್ಲ, ಏಕೆಂದರೆ ಸ್ವಾಗತ, ಮುಖ್ಯ ಅತಿಥಿಯ ಮಾತು, ಅಧ್ಯಕ್ಷೀಯ ಮಾತು, ವಂದನಾರ್ಪಣೆ ಮುಗಿಯುವಾಗ ಬಸ್ಸಿನ ಹೊತ್ತಾಗಿತ್ತು.

ಹಿಂದಿನವರು ಬಹಳ ಸುಖದಲ್ಲಿದ್ದರು ಎಂದು ಹಾಡುವ ಜಾತಿ ನನ್ನದಲ್ಲ. ಆದರೆ ಅವರಲ್ಲಿ ಗಂಟೆಗಳಿದ್ದವು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದ ಹೆಂಗಸರ ಪಾಡು ನೋಡಿ. ಜಾತಿ ಹೋಯಿತು, ಅದರೊಂದಿಗೆ ತವರೂ ಹೋಯಿತು. ಬಾಣಂತನಕ್ಕೆ ಹೋಗಲು ಅಮ್ಮನ ಮನೆಯಿಲ್ಲ, ಹಬ್ಬಕ್ಕೆ ಕರೆಯಲು ಅಣ್ಣನಿಲ್ಲ. ಅವರು ಉಳಿದುಕೊಂಡದ್ದು ಒಬ್ಬರಿಗೊಬ್ಬರು ತವರಾದ್ದರಿಂದ. ಮಿಶನ್ ಕಂಪೌಂಡಿನ ಸಾಲುಮನೆಗಳು, ಒಂದೇ ಬಾವಿ, ನೇಯ್ಗೆಯ ಶೆಡ್ಡು, 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆ. ದುಡಿಮೆ ಕಠಿಣ, ಕೂಲಿ ಕಡಿಮೆ, ಮಿಶನರಿಗಳ ಶಿಸ್ತು ಬಿಗಿ. ಆದರೂ ಅಕ್ಕಪಕ್ಕ ಕೂತು ಕೈ ಆಡಿಸುವಾಗ ಬಾಯಿಯೂ ಆಡುತ್ತಿತ್ತು. ಮುಂದೆ ಕರಾವಳಿಯ ಜಗಲಿಗಳಲ್ಲಿ ಬೀಡಿ ಕಟ್ಟುತ್ತ ಕೂತ ಹೆಂಗಸರದ್ದೂ ಇದೇ ಕಥೆ. ಅಲ್ಲಿ ತುಳು, ಕೊಂಕಣಿ, ಬ್ಯಾರಿ ಎಲ್ಲ ಒಟ್ಟಿಗೇ ನಡೆಯುತ್ತಿತ್ತು, ಧರ್ಮದ ಗೋಡೆ ಬೀಡಿಯ ಮೊರದ ಎತ್ತರಕ್ಕಿಂತ ಮೇಲೆ ಏಳುತ್ತಿರಲಿಲ್ಲ.

ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳ ಕುಸ್ವಾರ್ ತೆಗೆದುಕೊಳ್ಳಿ. ಕಿಡಿಯೊ, ನೆವ್ರಿ, ಗುಳಿಯೊ, ಚಕ್ಕುಲಿ, ಅಕ್ಕಿ ಲಾಡು, ರೋಸ್ ಕುಕೀಸ್. ಡಿಸೆಂಬರ್ ಹತ್ತರ ಹೊತ್ತಿಗೆ ಒಂದು ಮನೆಯ ಚಾವಡಿಯಲ್ಲಿ ನಾಲ್ಕಾರು ಹೆಂಗಸರು ಸೇರಿ ಕೂತರೆ, ಫೋರ್ಕಿನ ಬೆನ್ನಿನ ಮೇಲೋ ಬಾಚಣಿಗೆಯ ಮೇಲೋ ಹಿಟ್ಟು ಒತ್ತಿ ಒಂದೊಂದೇ ಕಿಡಿಯೊ ಸುರುಳಿ ಸುತ್ತುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಮರುದಿನ ಇನ್ನೊಬ್ಬರ ಮನೆ. ಒಂದು ಕ್ರಿಸ್ಮಸ್ಸಿಗೆ ಮೂವತ್ತು ನಲವತ್ತು ಗಂಟೆ ಸಲೀಸಾಗಿ ಆಗುತ್ತಿತ್ತು ಎಂದು ನನ್ನ ಅಂದಾಜು. ಯಾರ ಗಂಡ ಕುಡಿಯುತ್ತಾನೆ, ಯಾರಿಗೆ ಮುಟ್ಟು ನಿಂತಿದೆ, ಯಾರ ಮಗಳ ಓದಿಗೆ ಫೀಸು ಕಡಿಮೆ ಬಿದ್ದಿದೆ, ಎಲ್ಲವೂ ಆ ಹಿಟ್ಟಿನ ಪಾತ್ರೆಯ ಸುತ್ತ ಬರುತ್ತಿತ್ತು. ಪ್ರಾರ್ಥನಾ ವಿಜ್ಞಾಪನೆಯ ಅಗತ್ಯ ಬೀಳುತ್ತಿರಲಿಲ್ಲ. ಈಗ ಕುಸ್ವಾರ್ ಬೇಕರಿಯಲ್ಲಿ ಸಿಗುತ್ತದೆ, ರುಚಿಯೂ ಪರವಾಗಿಲ್ಲ. ಬೆನ್ನು ನೋವಿರುವವರಿಗೆ ಅದೊಂದು ಉಪಕಾರ. ಡಬ್ಬಿಯ ಮೇಲೆ ಬೆಲೆ ಬರೆದಿರುತ್ತಾರೆ, ಕಳೆದ ಗಂಟೆಗಳನ್ನು ಬರೆದಿರುವುದಿಲ್ಲ.

ಅಪೊಸ್ತಲರ ಕೃತ್ಯಗಳಲ್ಲಿ ಯೊಪ್ಪ ಪಟ್ಟಣದ ದೊರ್ಕಳ ಕಥೆ ಬರುತ್ತದೆ. ನಾವು ಅವಳನ್ನು ದಾನಧರ್ಮದ ಮಾದರಿಯೆಂದು ಓದಿ ಮುಗಿಸುತ್ತೇವೆ. ಅವಳು ಸತ್ತಾಗ ಪೇತ್ರನ ಸುತ್ತ ನಿಂತ ವಿಧವೆಯರು ಏನು ಮಾಡಿದರು ಗಮನಿಸಿ. ದೊರ್ಕಳು ತಮ್ಮೊಂದಿಗಿದ್ದಾಗ ಹೊಲಿದ ಅಂಗಿಗಳನ್ನೂ ಬಟ್ಟೆಗಳನ್ನೂ ಅಳುತ್ತ ಅವನಿಗೆ ತೋರಿಸಿದರು. ಅವಳ ಭಕ್ತಿಯನ್ನು ಹೊಗಳಿ ಭಾಷಣ ಮಾಡಿದರೆಂದು ಅಲ್ಲಿ ಬರೆದಿಲ್ಲ. ಒಟ್ಟಿಗೆ ಕೂತು ಹೊಲಿದವರ ದುಃಖ ಹಾಗೆಯೇ ಇರುತ್ತದೆ, ಕೈಗೆ ಸಿಕ್ಕಿದ್ದನ್ನು ಹಿಡಿದು ತೋರಿಸುತ್ತದೆ.

ಒಂಟಿಯಾದವರಲ್ಲೆಲ್ಲ ಹೆಚ್ಚು ಒಂಟಿ ಯಾರು ಎಂದರೆ ನಾನು ಬೋಧಕರ ಹೆಂಡತಿಯ ಕಡೆ ಕೈ ತೋರಿಸುತ್ತೇನೆ. ನಾವು "ಅಮ್ಮನವರು" ಅನ್ನುತ್ತೇವೆ, ಕುರ್ಚಿ ಬಿಟ್ಟುಕೊಡುತ್ತೇವೆ, ಮಾತು ನಿಲ್ಲಿಸುತ್ತೇವೆ. ಸಿಎಸ್‌ಐಯಲ್ಲಿ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ. ಸಾಮಾನು ಬಿಚ್ಚಿ, ಮಕ್ಕಳನ್ನು ಹೊಸ ಶಾಲೆಗೆ ಸೇರಿಸಿ, ನಾಲ್ಕು ಮುಖ ಪರಿಚಯವಾಗುವ ಹೊತ್ತಿಗೆ ಮುಂದಿನ ಆರ್ಡರ್. ಒಬ್ಬಳ ಜೊತೆ ಸ್ವಲ್ಪ ಹೆಚ್ಚು ಮಾತಾಡಿದರೆ ಕಮಿಟಿಯಲ್ಲಿ ಪಕ್ಷಪಾತದ ಗುಸುಗುಸು. ಮಾತಾಡದಿದ್ದರೆ ಜಂಬ. ತನ್ನ ಮನೆಯ ಕಷ್ಟವನ್ನು ಸಭೆಯವರಿಗೆ ಹೇಳುವಂತಿಲ್ಲ, ಗಂಡನ ಬಗ್ಗೆಯಂತೂ ಇಲ್ಲವೇ ಇಲ್ಲ, ಅವರು ಎಲ್ಲರ ಅಯ್ಯನವರು. ಇಂಥ ಒಬ್ಬಾಕೆ ನನಗೆ ಹೇಳಿದ್ದುಂಟು, ತಾನು ಮನಸ್ಸು ಬಿಚ್ಚಿ ಮಾತಾಡುವುದು ಹಾಲು ಹಾಕುವ ಮುಸ್ಲಿಂ ಅಜ್ಜಿಯ ಹತ್ತಿರ ಮಾತ್ರ, ಯಾಕೆಂದರೆ ಅವರಿಗೆ ಸಭೆಯ ಎಲೆಕ್ಷನ್ನಿನಲ್ಲಿ ವೋಟಿಲ್ಲ.

ಮದುವೆಯಾಗದವರ ಮಾತು ಬೇರೆ. ಆದಿಕಾಂಡದಲ್ಲಿ ಮನುಷ್ಯ ಒಬ್ಬನೇ ಇರುವುದು ಒಳ್ಳೆಯದಲ್ಲ ಎಂದು ದೇವರು ಕಂಡುಕೊಂಡ ಮಾತನ್ನು ನಾವು ಮದುವೆಯ ಪ್ರಸಂಗಕ್ಕೆ ಕಾದಿರಿಸಿಬಿಟ್ಟಿದ್ದೇವೆ. ಸಭೆಯ ಕ್ಯಾಲೆಂಡರಿನದೂ ಅದೇ ಧಾಟಿ: ದಂಪತಿಗಳ ಕೂಟ, ತಾಯಂದಿರ ದಿನ, ಕುಟುಂಬ ಭಾನುವಾರ. ಮದುವೆಯಾಗದವಳಿಗೆ ಯುವಜನ ಸಂಘದ ವಯಸ್ಸು ಮೀರಿದೆ, ತಾಯಂದಿರ ಸಾಲಿಗೆ ಸೇರುವುದಿಲ್ಲ, ಹಾಗಾಗಿ ಆಕೆಯನ್ನು ಕಾಯಿರ್‌ಗೋ ಸಂಡೇ ಸ್ಕೂಲಿಗೋ ಹಚ್ಚಿ, "ಒಳ್ಳೆ ಹುಡುಗ ಇದ್ದರೆ ಹೇಳ್ತೇವೆ" ಎಂದು ಸಮಾಧಾನ ಮಾಡುತ್ತೇವೆ. ಸ್ನೇಹವನ್ನು ಯಾರೂ ಹುಡುಕಿಕೊಡುವುದಿಲ್ಲ, ವರನನ್ನು ಮಾತ್ರ ಹುಡುಕುತ್ತಾರೆ. ಬೆಂಗಳೂರಿನ ಪಿಜಿಗಳಲ್ಲಿ ಇರುವ ಬೀದರಿನ, ಕೊಡಗಿನ, ಉಡುಪಿಯ ನರ್ಸ್ ಹುಡುಗಿಯರಿಗೆ ನೈಟ್ ಡ್ಯೂಟಿಯಿಂದಾಗಿ ಆ ಸಮಾಧಾನವೂ ದಕ್ಕುವುದಿಲ್ಲ. ಆರಾಧನೆಯ ಹೊತ್ತಿಗೆ ಅವರು ನಿದ್ದೆಯಲ್ಲಿರುತ್ತಾರೆ.

ರೂತಳ ಪುಸ್ತಕವನ್ನು ಒಮ್ಮೆ ಈ ಕಣ್ಣಿನಿಂದ ಓದಬೇಕು. ಎಲ್ಲಿ ಹೋದರೂ ಬರುತ್ತೇನೆ, ನಿನ್ನ ಜನರೇ ನನ್ನ ಜನ ಎಂಬ ಅರ್ಥದ ಆ ಮಾತನ್ನು ಈಗ ಗಂಡಹೆಂಡಿರ ಪ್ರತಿಜ್ಞೆಯಂತೆ ಮದುವೆಗಳಲ್ಲಿ ಓದುವುದುಂಟು. ಅದನ್ನು ಆಡಿದವಳು ಸೊಸೆ, ಕೇಳಿದವಳು ಅತ್ತೆ. ನಮ್ಮ ಧಾರಾವಾಹಿಗಳವರು ಓದಿದರೆ ಗಾಬರಿಯಾದಾರು! ಇನ್ನೂ ಒಂದು ಸೂಕ್ಷ್ಮವಿದೆ. ಬೇತ್ಲೆಹೇಮಿಗೆ ಮರಳಿದ ನೊವೊಮಿ ಊರ ಹೆಂಗಸರ ಮುಂದೆ ನಿಂತು, ತುಂಬಿಕೊಂಡು ಹೋದವಳು ಬರಿಗೈಯಲ್ಲಿ ಬಂದೆ ಎಂದು ಅಳುತ್ತಾಳೆ. ಪಕ್ಕದಲ್ಲೇ ರೂತಳು ನಿಂತಿದ್ದಾಳೆ! ಆ ಸೊಸೆ ಏಳು ಗಂಡುಮಕ್ಕಳಿಗಿಂತ ಮಿಗಿಲು ಎಂದು ನೊವೊಮಿಗೆ ತಿಳಿಸಿ ಹೇಳುವುದು ಪುಸ್ತಕದ ಕೊನೆಯಲ್ಲಿ, ಅದೇ ಊರ ಹೆಂಗಸರು. ಗಂಡ ಮಕ್ಕಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ಅಷ್ಟು ಹಳೆಯದು.

ಆಪ್ತ ಗೆಳತಿಯೊಬ್ಬಳು ಇರುವುದೇ ತಪ್ಪು ಎನ್ನುವ ಅನುಮಾನವೂ ನಮ್ಮ ಪರಂಪರೆಯಲ್ಲಿ ಇತ್ತು. ಬಹಳ ಕಾಲ ಕಾನ್ವೆಂಟುಗಳಲ್ಲಿ ಹೊಸದಾಗಿ ಸೇರಿದ ಹುಡುಗಿಯರಿಗೆ 'ವಿಶೇಷ ಗೆಳೆತನ'ದ ಬಗ್ಗೆ ಎಚ್ಚರಿಕೆ ಕೊಡುತ್ತಿದ್ದರು. ಇಬ್ಬರೇ ಜೊತೆಯಾಗಿ ತಿರುಗಬಾರದು, ಎಲ್ಲರನ್ನೂ ಸಮನಾಗಿ ಪ್ರೀತಿಸಬೇಕು. 1962ರಿಂದ 65ರ ತನಕ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಆ ಬಿಗಿ ಸಡಿಲಾಯಿತು. ಎಲ್ಲರನ್ನೂ ಸಮನಾಗಿ ಪ್ರೀತಿಸುವುದು ಕೇಳಲು ಚೆಂದ, ಮಾಡಲು ಹೋದರೆ ಯಾರ ಹೆಸರೂ ನೆನಪಿರದ ಪ್ರೀತಿಯಾಗುತ್ತದೆ. ಯೇಸುಸ್ವಾಮಿಗೇ ಹನ್ನೆರಡು ಜನರಲ್ಲಿ ಮೂವರು ಹೆಚ್ಚು ಹತ್ತಿರದವರು, ಬೇಥಾನ್ಯದಲ್ಲಿ ಮಾರ್ಥ ಮರಿಯರ ಮನೆ ಹೆಚ್ಚು ಸಲುಗೆಯದು. ಹನ್ನೆರಡನೇ ಶತಮಾನದಲ್ಲೇ ಇಂಗ್ಲೆಂಡಿನ ಮಠವೊಂದರ ಗುರು ಏಲ್ರೆಡ್, ಗೆಳೆತನ ದೇವರ ಕಡೆ ಹೋಗುವ ದಾರಿಯೇ ಎಂದು ಇಡೀ ಪುಸ್ತಕ ಬರೆದ. ಒಬ್ಬಳು ಗೆಳತಿಯನ್ನು ಆರಿಸಿಕೊಳ್ಳುವುದರಿಂದ ಉಳಿದವರಿಗೆ ಅನ್ಯಾಯವಾಗುವುದಿಲ್ಲ. ಆರಿಸಿಕೊಂಡ ಇಬ್ಬರು ಬಾಗಿಲು ಹಾಕಿಕೊಂಡು ಮೂರನೆಯವಳನ್ನು ಆಡಿಕೊಂಡರೆ ಆಗುತ್ತದೆ, ಅದು ಬೇರೆ ವಿಷಯ.

ಈ ಅಂಕಣಕ್ಕೆ ಒಬ್ಬ ಹೆಂಗಸಿನ ಜೀವನ ಬೇಕೆಂದು ಯೋಚಿಸಿದಾಗ ಸಂತರ ಪಟ್ಟಿ ಬದಿಗಿಟ್ಟು ನಾನು ಹೋದದ್ದು ಪಂಡಿತಾ ರಮಾಬಾಯಿಯ ಹತ್ತಿರ. ಮಹಾರಾಷ್ಟ್ರದವರೆಂದು ನಾವು ಬಿಟ್ಟುಕೊಟ್ಟಿದ್ದೇವೆ. ಹುಟ್ಟಿದ್ದು 1858ರಲ್ಲಿ, ನಮ್ಮ ಕರ್ನಾಟಕದ್ದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಊರವರ ವಿರೋಧ ಕಟ್ಟಿಕೊಂಡ ಅನಂತ ಶಾಸ್ತ್ರಿ ಡೋಂಗ್ರೆ ಕಾಡು ಸೇರಿದ್ದರು. ಒಂಟಿತನ ಎಂದರೇನೆಂದು ಈ ಮಗಳಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಾರದು. 1874ರ ಬರದ ಸಮಯದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ದೇಶವೆಲ್ಲ ಜೊತೆಯಲ್ಲಿ ನಡೆದ ಅಣ್ಣ 1880ರಲ್ಲಿ ತೀರಿಕೊಂಡ. ಅದೇ ವರ್ಷ ಜಾತಿ ಮೀರಿ ಮದುವೆಯಾದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧ್ವಿ 1882ರಲ್ಲಿ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ಒಂದು ವರ್ಷವೂ ತುಂಬದ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿಗೆ ಹೋದರೆ, ಜೊತೆಗೆ ಬಂದ ಗೆಳತಿ ಆನಂದಿಬಾಯಿ ಭಗತ್ ಅಲ್ಲಿ ತನ್ನ ಕೈಯಾರೆ ಪ್ರಾಣ ಕಳೆದುಕೊಂಡಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಮಾಬಾಯಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿಗೆ, ಆಕೆಯನ್ನು ಮೆಚ್ಚಿದ್ದ ಪುಣೆಯ ದೊಡ್ಡವರೂ ದೂರವಾದರು.

ಕ್ರೈಸ್ತಳಾದ ಮೇಲೆ ಒಂಟಿತನ ಮುಗಿಯಿತೆ? ಇಲ್ಲ. ಬಿಷಪ್ಪರುಗಳು ಆಕೆ ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳಕೂಡದು ಎಂದರು. ಸೀರೆ ಬಿಡಲಿಲ್ಲ, ಮಾಂಸ ಮುಟ್ಟಲಿಲ್ಲ, ಒಪ್ಪಿಗೆಯಾಗದ ಉಪದೇಶಕ್ಕೆ ತಲೆಬಾಗಲಿಲ್ಲ ಎಂದು ವಾಂಟೇಜಿನ ಸನ್ಯಾಸಿನಿಯರಿಗೆ ಅಸಮಾಧಾನ. ದೀಕ್ಷಾತಾಯಿಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ಮತ್ತು ರಮಾಬಾಯಿ ಬರೆದುಕೊಂಡ ಪತ್ರಗಳು 1977ರಲ್ಲಿ ಪುಸ್ತಕವಾಗಿ ಬಂದಿವೆ. ನನ್ನ ಮಟ್ಟಿಗೆ ಕ್ರೈಸ್ತ ಹೆಂಗಸರ ಸ್ನೇಹದ ಬಗ್ಗೆ ಇಷ್ಟು ಪ್ರಾಮಾಣಿಕ ಪುಸ್ತಕ ಇನ್ನೊಂದಿಲ್ಲ, ಯಾಕೆಂದರೆ ಅದರ ತುಂಬ ಜಗಳ. ಸಿಸ್ಟರ್ ಬೈಯುತ್ತಾರೆ, ಅಹಂಕಾರಿ ಎನ್ನುತ್ತಾರೆ. ರಮಾಬಾಯಿ ಒಂದೂ ಬಾಕಿ ಉಳಿಸದೆ ಉತ್ತರ ಕೊಡುತ್ತಾರೆ, ನನ್ನ ಮನಸ್ಸಾಕ್ಷಿಯನ್ನು ಯಾರ ಕೈಗೂ ಕೊಡಲಾರೆ ಎನ್ನುತ್ತಾರೆ. ಆದರೂ ಪತ್ರ ಶುರುವಾಗುವುದು ಪ್ರೀತಿಯ 'ಆಜೀಬಾಯಿ' ಎಂಬ ಸಂಬೋಧನೆಯಿಂದಲೇ. ಮಗಳು ಸಿಸ್ಟರನ್ನು ಅಜ್ಜಿಯೆಂದು ಕರೆಯುತ್ತಿದ್ದಳು, ಸಿಟ್ಟು ಬಂದಾಗಲೂ ತಾಯಿ ಆ ನಂಟಿನ ಹೆಸರನ್ನು ಅಳಿಸಲಿಲ್ಲ. ನಮ್ಮಲ್ಲಿ ಹಾಗಲ್ಲ. ಮಾತು ಬಂದ ಕೂಡಲೇ ಬೆಂಚು ಬದಲಾಗುತ್ತದೆ, ಆಮೇಲೆ ಸಭೆಯೇ ಬದಲಾಗುತ್ತದೆ. "ಕ್ಷಮಿಸಿಬಿಟ್ಟೆ, ಆದರೆ ಮಾತಿಲ್ಲ" ಎನ್ನುವುದು ನಮ್ಮ ವಿಶೇಷ.

ರಮಾಬಾಯಿಗೆ ಬೇರೆ ಗೆಳತಿಯರೂ ಇದ್ದರು. ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನ ಪ್ರಿನ್ಸಿಪಾಲ್ ಡೊರೊಥಿಯಾ ಬೀಲ್ ಆಕೆಯ ಸಂಶಯಗಳನ್ನು ಸಂಶಯಗಳಾಗಿಯೇ ಕೇಳಿಸಿಕೊಂಡರು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಡೀನ್ ರೇಚಲ್ ಬಾಡ್ಲಿ 1886ರಲ್ಲಿ ಆನಂದಿಬಾಯಿ ಜೋಶಿಯ ಪದವಿ ಸಮಾರಂಭಕ್ಕೆ ಕರೆಸಿಕೊಂಡರು, ಮರುವರ್ಷ ರಮಾಬಾಯಿಯ ಇಂಗ್ಲಿಷ್ ಪುಸ್ತಕಕ್ಕೆ ಮುನ್ನುಡಿ ಬರೆದರು. ಮುಂದೆ ಕೇಡಗಾಂವಿನಲ್ಲಿ ಮುಕ್ತಿ ಎಂಬ ನೆಲೆ ಕಟ್ಟಿ ಬರಗಾಲದ ಹೆಣ್ಣುಮಕ್ಕಳನ್ನು ಎತ್ತಿ ತಂದಾಗ ರಮಾಬಾಯಿ ಅವರನ್ನು ಬರೀ ಪ್ರಾರ್ಥನೆಗೆ ಕೂರಿಸಲಿಲ್ಲ. 1900ರ ಹೊತ್ತಿಗೆ ಸುಮಾರು ಎರಡು ಸಾವಿರ ಹೆಂಗಸರು, ಮಕ್ಕಳು ಅಲ್ಲಿದ್ದರು. ಮಗ್ಗವಿತ್ತು, ಹೊಲವಿತ್ತು, ಹಾಲು ಕರೆಯುವ ಕೊಟ್ಟಿಗೆಯಿತ್ತು, ಅಚ್ಚುಕೂಟವಿತ್ತು. ಆಕೆ ಮೂಲ ಭಾಷೆಗಳಿಂದ ಮರಾಠಿಗೆ ತಂದ ಬೈಬಲನ್ನು ಆ ಹೆಂಗಸರೇ ಮೊಳೆ ಜೋಡಿಸಿ ಅಚ್ಚು ಮಾಡಿದರು. ಮನೋರಮಾ ನಮ್ಮ ಗುಲ್ಬರ್ಗದಲ್ಲಿ ಶಾಲೆ ತೆರೆದಳು. 1921ರಲ್ಲಿ ಮಗಳೂ ತಾಯಿಗಿಂತ ಮೊದಲೇ ಹೋದಳು, ಮರುವರ್ಷ ಏಪ್ರಿಲ್‌ನಲ್ಲಿ ತಾಯಿ. ಸಾಯುವಾಗ ರಕ್ತಸಂಬಂಧ ಎಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ, ಆದರೂ ಮನೆ ತುಂಬ ಜನ.

ಇನ್ನು ನಮ್ಮ ವಿಷಯಕ್ಕೆ ಬರೋಣ. ಕಮಿಟಿ ರಚಿಸಬೇಡಿ, ಬ್ಯಾನರ್ ಮಾಡಿಸಬೇಡಿ. ವಿಮೆನ್ಸ್ ಫೆಲೋಶಿಪ್ಪಿನಲ್ಲಿ ಒಂದು ಭಾಷಣ ಕಡಿಮೆ ಮಾಡಿ, ಚಹಾವನ್ನು ಕೊನೆಯಿಂದ ಮೊದಲಿಗೆ ತನ್ನಿ. ವಾರದಲ್ಲಿ ಒಂದು ಮಧ್ಯಾಹ್ನ ಚರ್ಚ್ ಹಾಲಿನ ಬೀಗ ತೆಗೆದಿಡಿ, ಫ್ಯಾನ್ ಹಾಕಿಡಿ, ಅಧ್ಯಕ್ಷರು ಬೇಡ. ಹಪ್ಪಳ ಮಾಡಲಿ, ಕ್ರೋಶಾ ಹೆಣೆಯಲಿ, ಹಿತ್ತಲಿನ ಗಿಡ ತಂದು ಬದಲಾಯಿಸಿಕೊಳ್ಳಲಿ. ಕೈಗೆ ಕೆಲಸವಿದ್ದರೆ ಕಣ್ಣಿಗೆ ಕಣ್ಣು ಕೊಟ್ಟು ಹೇಳಲಾಗದ ಮಾತೂ ಹೊರಗೆ ಬರುತ್ತದೆ. ಮಾತಾಡೋಣ ಬನ್ನಿ ಎಂದು ಕರೆದರೆ ಯಾರೂ ಬರುವುದಿಲ್ಲ, ನೆವ್ರಿ ತುಂಬಲು ಜನ ಸಾಲದು ಎಂದರೆ ಹತ್ತು ಜನ ಬರುತ್ತಾರೆ.

ಒಂಟಿಯಾಗಿರುವವಳಿಗೂ ಒಂದು ಮಾತಿದೆ, ಸ್ವಲ್ಪ ಕಹಿಯಾದದ್ದು. ಕೊಡುವುದನ್ನು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ, ತೆಗೆದುಕೊಳ್ಳುವುದನ್ನು ಕಲಿಸಿಲ್ಲ. ರೋಗಿಗಳನ್ನು ನೋಡಲು ಹೋಗುತ್ತೇವೆ, ಸತ್ತ ಮನೆಗೆ ಗಂಜಿ ಚಟ್ನಿ ಒಯ್ಯುತ್ತೇವೆ. ನಮಗೇ ಜ್ವರ ಬಂದರೆ "ಪರವಾಗಿಲ್ಲ, ತೊಂದರೆ ತಗೋಬೇಡಿ". ಸ್ನೇಹ ಅಲ್ಲಿಯೇ ಸಾಯುತ್ತದೆ. ಏನಾದರೂ ಕೇಳಿ. ಒಂದು ಲೋಟ ಸಕ್ಕರೆ ಕೇಳಿ, ಬ್ಯಾಂಕಿಗೆ ಜೊತೆ ಬರಲು ಕೇಳಿ, ಮಗುವನ್ನು ಒಂದು ಗಂಟೆ ನೋಡಿಕೊಳ್ಳಲು ಕೇಳಿ. ಮನೆಗೆ ಕರೆಯುವುದಾದರೆ ಸೋಫಾ ಕವರ್ ಒಗೆದು ಒಣಗುವ ತನಕ ಕಾಯಬೇಡಿ, ಸಿಂಕಿನಲ್ಲಿ ಪಾತ್ರೆ ಬಿದ್ದಿರುವಾಗಲೇ ಅಡುಗೆಮನೆಗೆ ಕರೆಯಿರಿ. ಬೆಳಗ್ಗೆ ಆರಕ್ಕೆ ವಾಕ್ಯ ಫಾರ್ವರ್ಡ್ ಮಾಡುವ ಹೊತ್ತಿನಲ್ಲಿ ಒಂದು ಫೋನ್ ಮಾಡಬಹುದು. ಗೆಳತಿ ಕ್ರೈಸ್ತಳೇ ಆಗಬೇಕೆಂದೂ ಇಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನಾವು ನೂರಕ್ಕೆ ಇಬ್ಬರೂ ಇಲ್ಲ. ಎದುರು ಮನೆಯ ಸುಶೀಲಕ್ಕನನ್ನೂ ಪಕ್ಕದ ಬೀದಿಯ ಜುಬೇದಾಳನ್ನೂ ಬಿಟ್ಟು ಗೆಳತಿಯನ್ನು ಹುಡುಕಲು ಹೋದರೆ ಬಸ್ಸು ಹತ್ತಬೇಕಾಗುತ್ತದೆ.

ಒಂದು ಎಚ್ಚರ. ವಾರಗಟ್ಟಲೆ ನಿದ್ದೆ ಊಟ ಸೇರದೆ, ಬದುಕೇ ಬೇಡ ಅನಿಸುತ್ತಿದ್ದರೆ ಅದು ಬರೀ ಒಂಟಿತನವಲ್ಲ, ಕಾಯಿಲೆ ಇರಬಹುದು. ಆಗ ಚಹಾ ಕೂಟವೂ ಸಾಲದು, ಉಪವಾಸ ಪ್ರಾರ್ಥನೆಯೂ ಸಾಲದು. ಸರ್ಕಾರದ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ಹೊತ್ತಿನ ಮಿತಿಯಿಲ್ಲ. ಗೆಳತಿ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಪಕ್ಕದಲ್ಲಿ ಕೂತು ಆ ಸಂಖ್ಯೆ ಒತ್ತಿಕೊಡುವುದು.

ಇಷ್ಟೆಲ್ಲ ಹೇಳಿದ ಮೇಲೆ ಬರುವ ಪ್ರಶ್ನೆ ನನಗೆ ಗೊತ್ತು. "ಅಷ್ಟು ಹೊತ್ತು ಎಲ್ಲಿಂದ ತರುವುದು?" ನಿಜವಾದ ಜಗಳ ಇರುವುದು ಇಲ್ಲಿ. ಆರಾಧನೆ ಮುಗಿದ ಮೇಲೆ ಗಂಡಸರು ಗೇಟಿನ ಹತ್ತಿರ ನಿಂತು ಕ್ರಿಕೆಟ್ಟಿನಿಂದ ಬಿಷಪ್ ಚುನಾವಣೆಯ ತನಕ ಮಾತಾಡುತ್ತಾರೆ, ಸಂಜೆ ಕ್ಲಬ್ಬಿಗೋ ಮೀನಿನ ಮಾರ್ಕೆಟ್ಟಿಗೋ ಹೋದವರು ಬರುವಾಗ ಎಂಟು ಗಂಟೆ. ಎಲ್ಲಿಗೆ ಹೋಗಿದ್ದೆ ಎಂದು ಅವರನ್ನು ಕೇಳುವವರಿಲ್ಲ. ಹೆಂಗಸು ಗೆಳತಿಯ ಮನೆಯಲ್ಲಿ ಒಂದು ಗಂಟೆ ಹೆಚ್ಚು ಕೂತರೆ ಮೂರು ಫೋನ್ ಬರುತ್ತದೆ: ಮಗನಿಗೆ ಚಾರ್ಜರ್ ಸಿಗುತ್ತಿಲ್ಲ, ಅತ್ತೆಗೆ ಮಾತ್ರೆ, ಯಜಮಾನರಿಗೆ ಚಹಾ. ಆದ್ದರಿಂದ ಬೋಧಕರಲ್ಲಿ ನನ್ನ ವಿನಂತಿ ಹೀಗಿದೆ. ಮುಂದಿನ ಕುಟುಂಬ ಭಾನುವಾರ ಹೆಂಗಸರಿಗೆ ತಾಳ್ಮೆಯ ಬಗ್ಗೆ ಪ್ರಸಂಗ ಬೇಡ, ಅದನ್ನು ನಾವು ಬಾಯಿಪಾಠ ಮಾಡಿಯಾಗಿದೆ. ಗಂಡಸರ ಕೂಟ ಕರೆದು ಅನ್ನಕ್ಕೆ ನೀರು ಎಷ್ಟಿಡಬೇಕು, ಕುಕ್ಕರ್ ಎಷ್ಟು ಸೀಟಿ ಕೂಗಿದಾಗ ಇಳಿಸಬೇಕು, ಅಮ್ಮನ ಬಿಪಿ ಮಾತ್ರೆ ಯಾವ ಡಬ್ಬಿಯಲ್ಲಿರುತ್ತದೆ ಎಂದು ಹೇಳಿಕೊಡಿ. ಬುಧವಾರ ಮಧ್ಯಾಹ್ನ ನಾವು ಚರ್ಚ್ ಹಾಲಿನಲ್ಲಿರುತ್ತೇವೆ, ಫೋನ್ ಸೈಲೆಂಟ್‌ನಲ್ಲಿರುತ್ತದೆ.